ಕಾಂದೋಳಿಯ ಫಾರಿಯಾ ಮತ್ತು ಮೊಣಕಾಲಿನ ಲಿಗಮೆಂಟು

ಪಣಜಿಯಲ್ಲಿ ಮಾಂಡವಿ ನದಿಯ ದಂಡೆಗೆ ಹೋದವರು ಹಳೆಯ ಸೆಕ್ರೆಟರಿಯೇಟ್ ಕಟ್ಟಡದ ಪಕ್ಕದಲ್ಲಿರುವ ಒಂದು ಪ್ರತಿಮೆಯನ್ನು ನೋಡಿಯೇ ಇರುತ್ತಾರೆ. ನಿಲುವಂಗಿ ತೊಟ್ಟ ಪಾದ್ರಿಯೊಬ್ಬರು ಕೈ ಚಾಚಿ ನಿಂತಿದ್ದಾರೆ, ಎದುರಿಗೆ ಹೆಂಗಸೊಬ್ಬಳು ಹಿಂದಕ್ಕೆ ವಾಲಿದ್ದಾಳೆ. ಗೋವೆ ನೋಡಲು ಬರುವ ನಮ್ಮವರು "ಇದು ಮಾಟಗಾರನ ಮೂರ್ತಿಯೇ?" ಎಂದು ಕೇಳುವುದುಂಟು. ಅಲ್ಲ. ಇವರು ಅಬ್ಬೆ ಫಾರಿಯಾ. ರಾಮಚಂದ್ರ ಪಾಂಡುರಂಗ ಕಾಮತರು ಮಾಡಿದ ಈ ಪ್ರತಿಮೆಯನ್ನು 1945ರಲ್ಲಿ ನಿಲ್ಲಿಸಲಾಯಿತು.

ಫಾರಿಯಾ ಹುಟ್ಟಿದ್ದು 1756ರಲ್ಲಿ, ಬಾರ್ದೇಶ ತಾಲೂಕಿನ ಕಾಂದೋಳಿಯಲ್ಲಿ. ಬಾಲಕನಾಗಿದ್ದಾಗಲೇ ತಂದೆಯ ಜೊತೆ ಹಡಗು ಹತ್ತಿ ಲಿಸ್ಬನ್ನಿಗೆ ಹೋದರು, ಮುಂದೆ ರೋಮಿನಲ್ಲಿ ಓದಿ ಪಾದ್ರಿಯಾದರು. ಪೋರ್ಚುಗಲ್ಲಿನ ರಾಣಿಯ ಮುಂದೆ ಪ್ರವಚನ ಮಾಡಲು ನಿಂತಾಗ ಅವರ ನಾಲಿಗೆಯೇ ಹೊರಳಲಿಲ್ಲವಂತೆ. ಆಗ ತಂದೆ ಕೆಳಗಿನಿಂದ ಕೊಂಕಣಿಯಲ್ಲಿ ಮೆಲ್ಲಗೆ, "ಇವೆಲ್ಲ ಬರೀ ಕಾಯಿಪಲ್ಲೆ, ಕತ್ತರಿಸು ಮಗನೇ" ಎಂದರಂತೆ. ಭಯ ಬಿಟ್ಟುಹೋಯಿತು, ಮಾತು ಹರಿಯಿತು. ಇದು ಗೋವೆಯ ಜನ ಹೇಳುವ ಕತೆ. ಒಂದು ಮಾತು ಮನಸ್ಸಿನ ಮೂಲಕ ದೇಹದ ಬಿಗಿಯನ್ನು ಸಡಿಲಿಸಬಲ್ಲದು ಎಂಬುದೇ ಅದರ ತಿರುಳು.

ಆ ಕಾಲದಲ್ಲಿ ಯುರೋಪಿನಲ್ಲಿ ಮೆಸ್ಮರ್ ಎಂಬ ವೈದ್ಯರ ಹೆಸರು ದೊಡ್ಡದಾಗಿತ್ತು. ತನ್ನಿಂದ ಒಂದು ಕಾಂತಶಕ್ತಿ ಹರಿದು ರೋಗ ವಾಸಿಯಾಗುತ್ತದೆ ಎಂದು ಅವರು ಹೇಳುತ್ತಿದ್ದರು. 1784ರಲ್ಲಿ ಫ್ರಾನ್ಸಿನ ದೊರೆ ನೇಮಿಸಿದ ಸಮಿತಿ ಇದನ್ನು ಪರೀಕ್ಷಿಸಿತು. ಬೆಂಜಮಿನ್ ಫ್ರಾಂಕ್ಲಿನ್, ಲವಾಸಿಯೇ ಅದರಲ್ಲಿದ್ದರು. ಅಂಥ ಶಕ್ತಿಯೇನೂ ಇಲ್ಲ, ಎಲ್ಲ ಕಲ್ಪನೆಯ ಕೆಲಸ ಎಂದು ಸಮಿತಿ ಹೇಳಿತು. ಅಲ್ಲಿಗೆ ವಿಷಯ ಮುಗಿಯಿತೆಂದು ಹಲವರು ತಿಳಿದರು. ಫಾರಿಯಾ ಹಾಗೆ ತಿಳಿಯಲಿಲ್ಲ. ಕಲ್ಪನೆಯೇ ಇಷ್ಟು ಮಾಡುವುದಾದರೆ ಆ ಕಲ್ಪನೆಯನ್ನೇ ನೋಡೋಣ ಎಂದು ಹೊರಟರು. 1813ರಿಂದ ಪ್ಯಾರಿಸ್ಸಿನಲ್ಲಿ ಜನರ ಮುಂದೆ ಪ್ರಯೋಗ ಮಾಡಿ ತೋರಿಸಿದರು. ಶಕ್ತಿ ಮಾಡಿಸುವವನಲ್ಲಿಲ್ಲ, ಮಾಡಿಸಿಕೊಳ್ಳುವವನ ಮನಸ್ಸಿನಲ್ಲೇ ಇದೆ ಎಂದರು. ಊರು ನಕ್ಕಿತು, ಅವರನ್ನು ಗೇಲಿ ಮಾಡಿ ನಾಟಕವನ್ನೂ ಆಡಿದರು. 1819ರಲ್ಲಿ ಅವರ ಪುಸ್ತಕ ಅಚ್ಚಾಯಿತು, ಅದೇ ವರ್ಷ ಅವರು ಬಡತನದಲ್ಲಿ ತೀರಿಕೊಂಡರು.

ಇದಕ್ಕೂ ಮೊಣಕಾಲಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಹೇಳುತ್ತೇವೆ.

ಮೊಣಕಾಲಿನೊಳಗೆ ತೊಡೆಮೂಳೆಯನ್ನೂ ಕಾಲಿನ ಮೂಳೆಯನ್ನೂ ಹಿಡಿದಿಡುವ ಗಟ್ಟಿಯಾದ ಕಟ್ಟುಗಳಿವೆ. ಓಡುತ್ತ ಥಟ್ಟನೆ ತಿರುಗಿದಾಗ ಮುಂದಿನ ಅಡ್ಡಕಟ್ಟು ಹರಿಯುವುದುಂಟು. ಇದನ್ನೇ ಎಸಿಎಲ್ ಎನ್ನುತ್ತಾರೆ. ಫುಟ್ಬಾಲ್ ಹುಚ್ಚಿನ ಗೋವೆಯಲ್ಲಿ ಈ ಹೆಸರು ಮಕ್ಕಳಿಗೂ ಗೊತ್ತು. 1895ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಮೇಯೋ ರಾಬ್ಸನ್ ಎಂಬ ವೈದ್ಯರು ಒಬ್ಬ ಗಣಿ ಕೂಲಿಕಾರನ ಕಟ್ಟುಗಳನ್ನು ಹೊಲಿದರು. 1917ರಲ್ಲಿ ಹೇ ಗ್ರೋವ್ಸ್ ಹೊಲಿಯುವ ಬದಲು ಹೊಸ ಕಟ್ಟನ್ನೇ ಕೂರಿಸುವ ಕ್ರಮವನ್ನು ಪ್ರಕಟಿಸಿದರು. ಬಹುಕಾಲ ಆಪರೇಷನ್ ಆದ ಕಾಲನ್ನು ವಾರಗಟ್ಟಲೆ ಪ್ಲಾಸ್ಟರಿನಲ್ಲಿ ಇಡುತ್ತಿದ್ದರು. 1990ರ ಹೊತ್ತಿಗೆ ಶೆಲ್ಬೋರ್ನ್ ಮತ್ತು ನಿಟ್ಜ್ ಬೇಗನೆ ಕಾಲು ಆಡಿಸುವುದೇ ಒಳ್ಳೆಯದೆಂದು ತೋರಿಸಿದರು.

ಆದರೂ ಒಂದು ತೊಡಕು ಉಳಿಯಿತು. ಆಪರೇಷನ್ ಆದ ಮೇಲೆ ತೊಡೆಯ ಮುಂಭಾಗದ ಸ್ನಾಯು ಸೊರಗುತ್ತದೆ. ಊದಿದ ಕೀಲಿನಿಂದ ಹೋಗುವ ಸಂಕೇತಗಳು ಆ ಸ್ನಾಯುವನ್ನು ತಡೆಹಿಡಿಯುತ್ತವೆ. ಕಾಲು ಬಿಗಿ ಮಾಡಬೇಕೆಂದರೂ ಪೂರ್ತಿ ಆಗುವುದಿಲ್ಲ. ಜೊತೆಗೆ ಮತ್ತೆ ಹರಿದೀತೆಂಬ ಭಯ.

ಇಲ್ಲಿ ಮನಸ್ಸಿನ ವ್ಯಾಯಾಮ ಬರುತ್ತದೆ. 1992ರಲ್ಲಿ ಯೂ ಮತ್ತು ಕೋಲ್ ಎಂಬ ಸಂಶೋಧಕರು ಕೆಲವರಿಗೆ ಕಿರುಬೆರಳಿನ ಸ್ನಾಯುವಿನ ವ್ಯಾಯಾಮ ಮಾಡಿಸಿದರು, ಇನ್ನು ಕೆಲವರಿಗೆ ಅದನ್ನು ಬರೀ ಕಲ್ಪಿಸಿಕೊಳ್ಳಲು ಹೇಳಿದರು. ನಾಲ್ಕು ವಾರಗಳಲ್ಲಿ ಮಾಡಿದವರ ಬಲ ಶೇಕಡಾ 30ರಷ್ಟು, ಕಲ್ಪಿಸಿಕೊಂಡವರದು ಶೇಕಡಾ 22ರಷ್ಟು ಹೆಚ್ಚಿತು. 2001ರಲ್ಲಿ ಕ್ಯುಪಲ್ ಮತ್ತು ಬ್ರೂವರ್ ಎಸಿಎಲ್ ಆಪರೇಷನ್ ಆದ 30 ಮಂದಿಯನ್ನು ನೋಡಿದರು. ಮಾಮೂಲು ಫಿಸಿಯೋಥೆರಪಿಯ ಜೊತೆಗೆ ದೇಹ ಸಡಿಲಿಸಿ ಮನಸ್ಸಿನಲ್ಲಿ ಚಿತ್ರಿಸಿಕೊಳ್ಳುವುದನ್ನು ಕಲಿತವರಿಗೆ 24 ವಾರಗಳ ನಂತರ ಮೊಣಕಾಲಿನ ಬಲ ಹೆಚ್ಚಿತ್ತು. ನೋವು, ಭಯ ಕಡಿಮೆಯಿದ್ದವು. 30 ಮಂದಿ ಎಂದರೆ ಸಣ್ಣ ಸಂಖ್ಯೆ ಎಂಬುದೂ ನೆನಪಿರಲಿ.

ಫಾರಿಯಾ ಮಾಡಿದ್ದು ಸಮ್ಮೋಹನ, ಇದು ಎಚ್ಚರದಲ್ಲಿ ಮಾಡುವ ಅಭ್ಯಾಸ. ಎರಡೂ ಒಂದೇ ಅಲ್ಲ. ಮಾಡುವವನ ಮನಸ್ಸೇ ಮುಖ್ಯ ಎಂಬ ಮಾತು ಮಾತ್ರ ಎರಡಕ್ಕೂ ಸಲ್ಲುತ್ತದೆ.

ಬೈನಾ, ಝುವಾರಿನಗರದಂಥ ಕಡೆ ಇರುವ ನಮ್ಮ ಕನ್ನಡಿಗರಲ್ಲಿ ಬಹಳ ಮಂದಿ ದಿನಗೂಲಿಯವರು. ಕಾಲೇ ಅವರ ಬಂಡವಾಳ. ವ್ಯಾಯಾಮಕ್ಕೆ ಹೋದರೆ ಆ ದಿನದ ಕೂಲಿ ಹೋಗುತ್ತದೆ, ಹೋಗದಿದ್ದರೆ ಕಾಲು ಸೊರಗುತ್ತದೆ. ಅಂಥವರಿಗೆ ನಾವು ಹೇಳುವುದಿಷ್ಟೇ. ಫಿಸಿಯೋಥೆರಪಿ ಬಿಡಬೇಡಿ, ಮನಸ್ಸಿನ ಅಭ್ಯಾಸ ಅದರ ಬದಲಿಗಲ್ಲ, ಅದರ ಜೊತೆಗೆ. ಹೇಗೆ ಮಾಡಬೇಕೆಂದು ನಿಮ್ಮ ಫಿಸಿಯೋಥೆರಪಿಸ್ಟರನ್ನೇ ಕೇಳಿ. ಕಣ್ಣು ಮುಚ್ಚಿ ಆ ಕಾಲು ಬಿಗಿಯಾಗುವುದನ್ನು, ಮೆಟ್ಟಿಲು ಹತ್ತುವುದನ್ನು ಮನಸ್ಸಿನಲ್ಲಿ ಕಾಣಲು ದುಡ್ಡು ಬೇಕಿಲ್ಲ, ರಜೆಯೂ ಬೇಕಿಲ್ಲ.