ಕುದುರೆ ಕಾರಿನೊಳಗಿನ ಹಳದಿ ಲಾಳ

ಹೊಸ ಕಾರು ಓಡಿಸುವವರಿಗೆಲ್ಲ ಆ ಚಿತ್ರ ಗೊತ್ತಿರುತ್ತೆ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ಬಣ್ಣದ ಒಂದು ಕುದುರೆಲಾಳ, ಅದರ ಮಧ್ಯದಲ್ಲೊಂದು ಆಶ್ಚರ್ಯಸೂಚಕ ಚಿಹ್ನೆ. ಅಸಲಿಗೆ ಅದು ಲಾಳವಲ್ಲ, ಟಯರನ್ನು ಅಡ್ಡಕ್ಕೆ ಸೀಳಿದರೆ ಕಾಣುವ ಆಕಾರ. ಗಾಳಿ ಕಡಿಮೆಯಾಗಿದೆ, ನೋಡ್ಕೊಳ್ಳಿ ಅಂತ ಅರ್ಥ.

ನನಗೆ ಈ ದೀಪದ ಮೇಲೆ ಸ್ವಲ್ಪ ಜಾಸ್ತಿ ಮಮಕಾರ. ಬೆಂಗಳೂರಿನಲ್ಲಿ ಕೂತು ಅಮೆರಿಕದ ಕಾರುಗಳ ಡ್ಯಾಶ್‌ಬೋರ್ಡಿಗೆ ಕೋಡ್ ಬರೆಯುವ ಸಾವಿರಾರು ಜನರಲ್ಲಿ ನಾನೂ ಒಬ್ಬ. ಮೂರು ವರ್ಷ ನನ್ನ ಪಾಲಿಗೆ ಬಂದಿದ್ದು ಇಂಥ ದೀಪಗಳೇ. ಯಾವುದು ಯಾವಾಗ ಹೊತ್ತಬೇಕು, ಎಷ್ಟು ಹೊತ್ತು ಮಿನುಗಬೇಕು, ಯಾವಾಗ ಆರಬೇಕು. ಅಮ್ಮ ಕೇಳಿದಾಗ "ಕಾರಿನ ಲೈಟ್ ಕೆಲಸ" ಅಂದಿದ್ದೆ. ಪಾಪ, ಅವರು ಬಹಳ ದಿನ ನಾನು ಎಲೆಕ್ಟ್ರಿಷಿಯನ್ ಅಂದುಕೊಂಡಿದ್ದರು :-)

ಕಳೆದ ಬೇಸಿಗೆಯಲ್ಲಿ ಆಫೀಸಿನವರು ನಾಲ್ಕು ತಿಂಗಳಿಗೆ ಮಿಷಿಗನ್‌ಗೆ ಕಳಿಸಿದರು. ಅಲ್ಲಿ ಸಿಕ್ಕ ರೂಮ್‌ಮೇಟು ಹಾಸನದ ಕಡೆಯವನು. ಊಟ ತಿಂಡಿಯಲ್ಲಿ ಜಿಪುಣ, ಆದರೆ 2012ರ ಮಾಡೆಲ್ಲಿನ ಒಂದು ಸೆಕೆಂಡ್ ಹ್ಯಾಂಡ್ ಫೋರ್ಡ್ ಮಸ್ಟಾಂಗ್ ಇಟ್ಟುಕೊಂಡಿದ್ದ. ಮುಂದುಗಡೆ ಓಡುವ ಕುದುರೆಯ ಚಿಹ್ನೆ ಇರುತ್ತಲ್ಲ, ಅದೇ ಕಾರು. ಶನಿವಾರ ಬಂತೆಂದರೆ ಹಿಂದಿನ ಎರಡೂ ಚಕ್ರ ಬಿಚ್ಚಿ ಬೇರೆ ಎರಡನ್ನು ಹಾಕುತ್ತಿದ್ದ. ಅವು ಡ್ರ್ಯಾಗ್ ರೇಸಿಗಾಗಿಯೇ ಹೊರಗಿನಿಂದ ಕೊಂಡ ಹಗುರ ರಿಮ್ಮುಗಳು, ದಪ್ಪ ಮೆತ್ತನೆ ಟಯರುಗಳು. ಡ್ರ್ಯಾಗ್ ರೇಸ್ ಅಂದರೆ ಗೊತ್ತಲ್ಲ, ಎರಡು ಕಾರು ಪಕ್ಕಪಕ್ಕ ನಿಂತು ಕಾಲು ಮೈಲಿ, ಅಂದರೆ 402 ಮೀಟರ್, ನೇರ ರಸ್ತೆಯಲ್ಲಿ ಓಡೋದು. ತಿರುವೂ ಇಲ್ಲ ಏನೂ ಇಲ್ಲ. ಹದಿಮೂರು ಹದಿನಾಲ್ಕು ಸೆಕೆಂಡಿನಲ್ಲಿ ಕತೆ ಮುಗೀತು.

ಮೊದಲ ಶನಿವಾರ ಅವನ ಜೊತೆ ಹೋದಾಗ ಹೆದ್ದಾರಿ ಸೇರಿ ಸ್ವಲ್ಪ ಹೊತ್ತಿಗೆ ನನ್ನ ಹಳೇ ಗೆಳೆಯ ಪ್ರತ್ಯಕ್ಷ. ಲಾಳ ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಮಿನುಗಿ ಆಮೇಲೆ ಸ್ಥಿರವಾಗಿ ಉರಿಯತೊಡಗಿತು. ರೂಮ್‌ಮೇಟು ಎಡಗೈಯಲ್ಲಿ ಬಾಗಿಲ ಸಂದಿಯಿಂದ ಕಪ್ಪು ಇನ್ಸುಲೇಷನ್ ಟೇಪಿನ ಚೂರೊಂದನ್ನು ತೆಗೆದು ಅದರ ಮೇಲೆ ಅಂಟಿಸಿದ. ಅಭ್ಯಾಸವಾದ ಕೈ!

"ಅದು ಯಾಕೋ?" ಅಂದೆ.

"ಈ ಚಕ್ರದಲ್ಲಿ ಸೆನ್ಸರ್ ಇಲ್ಲ ಕಣೋ. ಅದಕ್ಕೆ ಹುಡುಕಿ ಹುಡುಕಿ ಅಳುತ್ತೆ. ಏನಾಗಲ್ಲ ಬಿಡು."

ನಾನು ಬರೆದಂಥದ್ದೇ ದೀಪಕ್ಕೆ ನನ್ನ ಕಣ್ಣೆದುರೇ ಟೇಪು. ಆವತ್ತು ರಾತ್ರಿಯಿಂದ ಇದರ ಚರಿತ್ರೆ ಕೆದಕತೊಡಗಿದೆ. ಮೂರು ವರ್ಷ ಕೋಡ್ ಬರೆದಿದ್ದರೂ ಈ ದೀಪ ಯಾಕೆ ಹುಟ್ಟಿತು ಅಂತ ನಾನು ಒಮ್ಮೆಯೂ ಕೇಳಿರಲಿಲ್ಲ. ರಿಕ್ವೈರ್‌ಮೆಂಟ್ ಡಾಕ್ಯುಮೆಂಟಿನಲ್ಲಿ ಇರುವುದು ಏನು ಮಾಡಬೇಕು ಅನ್ನೋದು ಮಾತ್ರ.

ತಮಾಷೆ ಅಂದರೆ, ಇದು ಹುಟ್ಟಿದ್ದೇ ಸ್ಪೋರ್ಟ್ಸ್ ಕಾರಿನಲ್ಲಿ. 1986ರಲ್ಲಿ ಬಂದ ಪೋರ್ಷೆ 959 ಟಯರಿನ ಗಾಳಿಯ ಮೇಲೆ ತಾನೇ ಕಣ್ಣಿಡುವ ಮೊದಲ ಕಾರುಗಳಲ್ಲೊಂದು. ಗಂಟೆಗೆ 300 ಕಿ.ಮೀ. ಮೀರಿ ಓಡುವ ಗಾಡಿ ಅದು. ಆ ವೇಗದಲ್ಲಿ ಟಯರು ಮೆತ್ತಗಾದರೆ ಚಾಲಕನಿಗೆ ಗೊತ್ತಾಗುವ ಹೊತ್ತಿಗೆ ಎಲ್ಲ ಮುಗಿದಿರುತ್ತೆ. ಮುಂದೆ 1989ರಲ್ಲಿ ಅಮೆರಿಕದ ಷೆವರ್ಲೆ ಕಾರ್ವೆಟ್‌ಗೂ ಇಂಥ ಎಚ್ಚರಿಕೆ ವ್ಯವಸ್ಥೆ ಬಂತು, ಹೆಚ್ಚು ದುಡ್ಡು ಕೊಟ್ಟವರಿಗೆ ಮಾತ್ರ. 1997ರ ಕಾರ್ವೆಟ್‌ನಲ್ಲಿ ಅದು ಎಲ್ಲರಿಗೂ ಸಿಕ್ಕಿತು. ಕಾರಣ ಚೆನ್ನಾಗಿದೆ. ಆ ಕಾರಿಗೆ ಗಾಳಿ ಹೋದರೂ ಕುಸಿಯದ, ಗಟ್ಟಿ ಪಕ್ಕೆಯ ಟಯರು ಕೊಟ್ಟು ಸ್ಟೆಪ್ನಿಯನ್ನೇ ತೆಗೆದುಬಿಟ್ಟಿದ್ದರು. ಪಂಕ್ಚರ್ ಆದರೂ ನೋಡಲಿಕ್ಕೆ ನೆಟ್ಟಗೇ ಇರುವ ಟಯರು! ಕಣ್ಣಿಗೆ ಕಾಣದ್ದನ್ನು ಹೇಳಲಿಕ್ಕೆ ಸೆನ್ಸರು ಬೇಕೇ ಬೇಕಾಯ್ತು.

ಅಲ್ಲಿಯವರೆಗೂ ಇದು ಶ್ರೀಮಂತರ ಆಟಿಕೆ. ಅದನ್ನು ಕಾನೂನು ಮಾಡಿದ್ದು ಸಂಸಾರಸ್ಥರ ಗಾಡಿ, ಫೋರ್ಡ್ ಎಕ್ಸ್‌ಪ್ಲೋರರ್.

ಈ ಕತೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. 1990ರ ದಶಕದಲ್ಲಿ ಅಮೆರಿಕದವರು ಮುಗಿಬಿದ್ದು ಕೊಂಡ ಎಸ್‌ಯುವಿ ಅದು. ಎತ್ತರದ ಗಾಡಿ, ಕೆಳಗೆ ಫೈರ್‌ಸ್ಟೋನ್ ಟಯರು. ಹೆದ್ದಾರಿಯಲ್ಲಿ ಹೋಗುತ್ತಿದ್ದ ಹಾಗೆ ಟಯರಿನ ಮೇಲ್ಪದರ ಒಳಗಿನ ಉಕ್ಕಿನ ಪಟ್ಟಿಯ ಸಮೇತ ಸುಲಿದುಕೊಂಡು ಬರುತ್ತಿತ್ತು, ಗಾಡಿ ಪಲ್ಟಿ ಹೊಡೆಯುತ್ತಿತ್ತು. ಟೆಕ್ಸಾಸ್, ಅರಿಜೋನಾ, ಫ್ಲೋರಿಡಾದಂಥ ಬಿಸಿಲ ನಾಡುಗಳಲ್ಲೇ ಹೆಚ್ಚು. 2000ದ ಫೆಬ್ರವರಿಯಲ್ಲಿ ಹ್ಯೂಸ್ಟನ್ನಿನ ಕೆಎಚ್‌ಒಯು ಟೀವಿ ಇದನ್ನು ಬಯಲಿಗೆ ತಂದಿತು. ಆಗಸ್ಟ್ 9ರಂದು ಫೈರ್‌ಸ್ಟೋನ್ 65 ಲಕ್ಷ ಟಯರುಗಳನ್ನು ವಾಪಸ್ ಕರೆಯಿತು. ಸರ್ಕಾರದ ಲೆಕ್ಕದಲ್ಲಿ ಸತ್ತವರು 271 ಜನ.

ತಪ್ಪು ಯಾರದು? ಟಯರಿನದು ಅಂತ ಫೋರ್ಡ್, ಗಾಡಿಯದು ಅಂತ ಫೈರ್‌ಸ್ಟೋನ್. ಜಗಳದ ನಡುವೆ ಒಂದು ಸಂಖ್ಯೆ ಸಿಕ್ಕಿಹಾಕಿಕೊಂಡಿತ್ತು: 26. ಎಕ್ಸ್‌ಪ್ಲೋರರಿಗೆ ಫೋರ್ಡ್ ಹೇಳಿದ್ದ ಗಾಳಿ 26 ಪಿಎಸ್‌ಐ. ಗಲಾಟೆ ಎದ್ದ ಮೇಲೆ ಫೈರ್‌ಸ್ಟೋನ್ ಹೇಳಿದ್ದು 30. ಗಾಳಿ ಕಡಿಮೆಯಾದಷ್ಟೂ ಟಯರಿನ ಪಕ್ಕೆ ಪ್ರತಿ ಸುತ್ತಿಗೂ ಹೆಚ್ಚು ಬಾಗುತ್ತೆ, ಬಾಗಿದಷ್ಟೂ ಕಾಯುತ್ತೆ, ಕಾದಷ್ಟೂ ಪದರಗಳ ಅಂಟು ಸಡಿಲವಾಗುತ್ತೆ. 26ರಿಂದ ಶುರುವಾದ ಟಯರಿನಲ್ಲಿ ಮಾಲೀಕ ನಾಲ್ಕೈದು ತಿಂಗಳು ಗಾಳಿ ನೋಡದಿದ್ದರೆ ಉಳಿಯೋದೆಷ್ಟು? 1906ರಲ್ಲಿ ಹೆನ್ರಿ ಫೋರ್ಡ್ ತನ್ನ ಗೆಳೆಯ ಹಾರ್ವೆ ಫೈರ್‌ಸ್ಟೋನ್‌ನಿಂದ ಎರಡು ಸಾವಿರ ಜೊತೆ ಟಯರು ಕೊಂಡಾಗ ಶುರುವಾದ ಸಂಬಂಧ 2001ರ ಮೇ ತಿಂಗಳಲ್ಲಿ ಮುರಿದುಬಿತ್ತು.

2000ದ ನವೆಂಬರ್ 1ರಂದು ಕ್ಲಿಂಟನ್ ಸಹಿ ಹಾಕಿದ ಕಾನೂನಿನ ಹೆಸರು ಟ್ರೆಡ್ ಆಕ್ಟ್. ಟಯರಿನ ಮೇಲ್ಮೈಯ ಗಾಡಿಗೂ ಇಂಗ್ಲಿಷಿನಲ್ಲಿ ಟ್ರೆಡ್ ಅಂತಾರೆ. ಆ ಅಕ್ಷರಗಳು ಬರುವಂತೆ ಮಾರುದ್ದದ ಹೆಸರು ಹೊಂದಿಸಿದವರಿಗೆ ನಮಸ್ಕಾರ. ಗಾಳಿ ಕಡಿಮೆಯಾದರೆ ಎಚ್ಚರಿಸುವ ವ್ಯವಸ್ಥೆಗೆ ನಿಯಮ ಮಾಡಿ ಅಂತ ಅದರಲ್ಲಿತ್ತು.

ಆಮೇಲೆ ಐದು ವರ್ಷ ಎಳೆದಾಟ. ಅದೂ ನಮ್ಮಂಥವರ ವಿಷಯಕ್ಕೇ! ಗಾಳಿ ಅಳೆಯಲು ಎರಡು ದಾರಿ. ಒಂದು, ಪ್ರತಿ ಚಕ್ರದೊಳಗೆ ಬ್ಯಾಟರಿ, ರೇಡಿಯೋ ಇರುವ ಸೆನ್ಸರ್ ಇಡೋದು. ಇನ್ನೊಂದು ಬರೀ ಸಾಫ್ಟ್‌ವೇರು. ಗಾಳಿ ಇಳಿದ ಟಯರಿನ ಸುತ್ತಳತೆ ಕೊಂಚ ಕಡಿಮೆಯಾಗಿ ಅದು ಉಳಿದವಕ್ಕಿಂತ ವೇಗವಾಗಿ ತಿರುಗುತ್ತೆ. ಎಬಿಎಸ್ ಬ್ರೇಕಿಗಾಗಿ ಚಕ್ರದ ವೇಗ ಹೇಗೂ ಗೊತ್ತಿರೋದರಿಂದ ಲೆಕ್ಕ ಹಾಕಿದರಾಯ್ತು, ಖರ್ಚು ಹೆಚ್ಚಿಲ್ಲ. ಆದರೆ ನಾಲ್ಕೂ ಟಯರಿನಲ್ಲಿ ಒಟ್ಟಿಗೇ ಗಾಳಿ ಇಳಿದರೆ ಹೋಲಿಸಲಿಕ್ಕೆ ಏನಿದೆ? ಮನೆಗಳಲ್ಲಿ ಆಗೋದು ಬಹುಪಾಲು ಅದೇ ತಾನೇ. 2002ರ ನಿಯಮ ಅಗ್ಗದ ದಾರಿಗೂ ಜಾಗ ಬಿಟ್ಟಿತ್ತು. ಪಬ್ಲಿಕ್ ಸಿಟಿಜನ್ ಅನ್ನೋ ಸಂಘಟನೆಯವರು ಕೋರ್ಟಿಗೆ ಹೋದರು, 2003ರ ಆಗಸ್ಟಿನಲ್ಲಿ ಗೆದ್ದರು. 2005ರ ಏಪ್ರಿಲ್‌ನಲ್ಲಿ ಬಂದ ಕೊನೆಯ ನಿಯಮದ ಪ್ರಕಾರ, ಚೀಟಿಯಲ್ಲಿ ಬರೆದ ಗಾಳಿಗಿಂತ ಶೇಕಡಾ 25ರಷ್ಟು ಇಳಿದರೆ 20 ನಿಮಿಷದೊಳಗೆ ದೀಪ ಹೊತ್ತಬೇಕು, ಒಂದೇ ಟಯರಾಗಲಿ, ನಾಲ್ಕೂ ಆಗಲಿ. 32 ಇದ್ದರೆ 24ಕ್ಕೆ. 2007ರ ಸೆಪ್ಟೆಂಬರ್ ಹೊತ್ತಿಗೆ ಅಲ್ಲಿನ ಎಲ್ಲ ಹೊಸ ಕಾರಿಗೂ ಇದು ಕಡ್ಡಾಯ.

ನಿಯಮದಲ್ಲಿ ಇನ್ನೊಂದು ಸಾಲಿದೆ, ಅದು ನನ್ನ ಅನ್ನ. ವ್ಯವಸ್ಥೆಯೇ ಕೆಟ್ಟಿದ್ದರೆ, ಉದಾಹರಣೆಗೆ ಸೆನ್ಸರಿನ ಸುದ್ದಿಯೇ ಬರದಿದ್ದರೆ, ಅದನ್ನೂ ಹೇಳಬೇಕು. ಅದಕ್ಕೆ ಬೇರೆ ದೀಪ ಕೊಡಬಹುದು. ಇಲ್ಲವೇ ಅದೇ ಲಾಳವನ್ನು 60ರಿಂದ 90 ಸೆಕೆಂಡು ಮಿನುಗಿಸಿ, ಆಮೇಲೆ ಸ್ಥಿರವಾಗಿ ಉರಿಸಬಹುದು. ಕಂಪನಿಗಳಿಗೆ ಎರಡನೆಯದೇ ಇಷ್ಟ, ಒಂದು ದೀಪ ಉಳೀತಲ್ಲ. ಒಂದು ದೀಪ, ಎರಡು ಅರ್ಥ. ಮೊದಲ ಒಂದೂವರೆ ನಿಮಿಷ ನೋಡಿದವನಿಗೆ ಮಾತ್ರ ವ್ಯತ್ಯಾಸ ಗೊತ್ತು. ಇಂಥ ಡಿಸೈನಿನ ರಿವ್ಯೂದಲ್ಲಿ ನಾನೂ "ಓಕೆ" ಅಂತ ಬರೆದವನೇ.

ಈಗ ಡ್ರ್ಯಾಗ್ ರೇಸಿಗೆ ಬರೋಣ. ಅಲ್ಲಿ ಕಡಿಮೆ ಗಾಳಿಯೇ ದೇವರು. 1951ರಲ್ಲಿ ವಾಲಿ ಪಾರ್ಕ್ಸ್ ಎನ್‌ಎಚ್‌ಆರ್‌ಎ ಸಂಸ್ಥೆ ಕಟ್ಟಿ ಬೀದಿ ಪಂದ್ಯಗಳನ್ನು ಮೈದಾನಕ್ಕೆ ತಂದ ಕಾಲದಿಂದಲೂ ಪ್ರಶ್ನೆ ಒಂದೇ: ಇಂಜಿನ್ನಿನ ಶಕ್ತಿಯನ್ನು ಚಕ್ರ ಗಿರಕಿ ಹೊಡೆಯದ ಹಾಗೆ ನೆಲಕ್ಕೆ ಮುಟ್ಟಿಸೋದು ಹೇಗೆ? ಗಾಡಿಗಳೇ ಇಲ್ಲದ ಬೋಳು ಟಯರು ಬಂತು, ಅದೇ ಸ್ಲಿಕ್. ಅದರ ಪಕ್ಕೆ ತೆಳು. ಕಾರು ನೆಗೆಯುವಾಗ ಭಾರವೆಲ್ಲ ಹಿಂದಕ್ಕೆ ಬಂದು ಟಯರು ಹಳೇ ಪಂಚೆಯ ಹಾಗೆ ಸುಕ್ಕುಗಟ್ಟುತ್ತೆ, ನೆಲಕ್ಕೆ ತಾಗುವ ಭಾಗ ಉದ್ದವಾಗುತ್ತೆ, ಹಿಡಿತ ಹೆಚ್ಚುತ್ತೆ. ರೂಮ್‌ಮೇಟಿನಂಥವರು ಹಾಕುವ, ರಸ್ತೆಯಲ್ಲೂ ಓಡುವ ಡ್ರ್ಯಾಗ್ ರೇಡಿಯಲ್ ಟಯರಿಗೂ ಪಂದ್ಯದಲ್ಲಿ 15ರಿಂದ 20 ಪಿಎಸ್‌ಐ ಸಾಕು. ಅಂದರೆ ಕಾನೂನು ಕೂಗಿಕೊಳ್ಳುವ ಗೆರೆಗಿಂತ ಎಷ್ಟೋ ಕೆಳಗೆ, ಬೇಕಂತಲೇ.

ಅಲ್ಲದೆ ಆ ಚಕ್ರಗಳಿಗೂ ಸೆನ್ಸರಿಗೂ ಎಣ್ಣೆ ಸೀಗೇಕಾಯಿ ಸಂಬಂಧ. ಎಷ್ಟೋ ಸ್ಲಿಕ್ಕುಗಳ ಒಳಗೆ ಟ್ಯೂಬು ಇರುತ್ತೆ. ಟ್ಯೂಬಿಗೆ ಅದರದೇ ವಾಲ್ವು, ಸೆನ್ಸರ್ ಕೂರೋದೆಲ್ಲಿ? ಟಯರು ರಿಮ್ಮಿನ ಮೇಲೆ ಜಾರದಿರಲೆಂದು ಕೆಲವರು ಸ್ಕ್ರೂ ಹೊಡೆಯುತ್ತಾರೆ. ಮುಂದಿನ ಚಕ್ರವೋ ಸೈಕಲ್ ಚಕ್ರದ ಅಣ್ಣ. ತೂಕದ ವಿಷಯಕ್ಕೆ ಸುಮ್ಮನೆ ಲೆಕ್ಕ ಹಾಕಿದೆ: 30 ಗ್ರಾಮಿನ ಸೆನ್ಸರು ಅಚ್ಚಿನಿಂದ 20 ಸೆಂ.ಮೀ. ದೂರದಲ್ಲಿದ್ದರೆ, 160 ಕಿ.ಮೀ. ವೇಗದಲ್ಲಿ ಸುಮಾರು 11 ಕಿಲೋ ಭಾರದಷ್ಟು ಹೊರಕ್ಕೆ ಜಗ್ಗುತ್ತೆ. ಅರ್ಧ ಮೂಟೆ ಅಕ್ಕಿ!

ಕಾನೂನು ಇಲ್ಲಿ ವಿಚಿತ್ರವಾಗಿದೆ. ಸುರಕ್ಷತೆಯ ಸಾಧನವನ್ನು ಗೊತ್ತಿದ್ದೂ ಕೆಲಸಗೆಡಿಸಬಾರದು ಅನ್ನೋ ನಿಷೇಧ ಇರೋದು ತಯಾರಕರಿಗೆ, ಡೀಲರುಗಳಿಗೆ, ರಿಪೇರಿ ಅಂಗಡಿಗಳಿಗೆ. ಮಾಲೀಕನಿಗಲ್ಲ. ಹಾಗಾಗಿ ಟಯರಿನ ಅಂಗಡಿಯವನು ಬರೀ ರಿಮ್ಮಿಗೆ ಟಯರು ಕೂರಿಸಿಕೊಟ್ಟು "ಕಾರಿಗೆ ನೀವೇ ಹಾಕ್ಕೊಳ್ಳಿ" ಅನ್ನುತ್ತಾನೆ. ನಮ್ಮವನು ಮನೆ ಮುಂದೆ ಜಾಕ್ ಕೊಟ್ಟು ಹಾಕಿಕೊಳ್ಳುತ್ತಿದ್ದುದು ಅದಕ್ಕೇ. ಇನ್ನೂ ಬುದ್ಧಿವಂತರಿದ್ದಾರೆ. ಸೆನ್ಸರುಗಳನ್ನು ಪಿವಿಸಿ ಪೈಪಿನೊಳಗೆ ಹಾಕಿ, ಎರಡೂ ಬದಿ ಮುಚ್ಚಿ, ಗಾಳಿ ತುಂಬಿ ಡಿಕ್ಕಿಯಲ್ಲಿ ಇಡುತ್ತಾರೆ. ಚಕ್ರ ತಿರುಗುತ್ತಿದೆಯೇ ಅಂತ ಪರೀಕ್ಷಿಸದ ಸೆನ್ಸರಾದರೆ "ಎಲ್ಲ ಕ್ಷೇಮ" ಅಂತ ವರದಿ ಕೊಡುತ್ತಲೇ ಇರುತ್ತೆ. (ದಯವಿಟ್ಟು ಮಾಡಬೇಡಿ. ಒತ್ತಡದ ಗಾಳಿ ತುಂಬಿದ ಪಿವಿಸಿ ಸಿಡಿದರೆ ಚೂರುಗಳು ಚಾಕುವಿನ ಹಾಗೆ ಹಾರುತ್ತವೆ.) ಅಂದಹಾಗೆ ಈ ಸೆನ್ಸರುಗಳ ರೇಡಿಯೋ ಮಾತನ್ನು ಗೂಢಲಿಪಿಯಿಲ್ಲದೆ ಕಳಿಸುತ್ತಾರೆ, 40 ಮೀಟರ್ ದೂರದಿಂದ ಕದ್ದು ಕೇಳಬಹುದು, ಸುಳ್ಳು ಸುದ್ದಿಯನ್ನೂ ತೂರಿಸಬಹುದು ಅಂತ 2010ರಲ್ಲೇ ರಟ್ಗರ್ಸ್ ಮತ್ತು ಸೌತ್ ಕೆರೊಲಿನಾ ವಿಶ್ವವಿದ್ಯಾಲಯದವರು ತೋರಿಸಿದ್ದರು. ಅದರ ಬಗ್ಗೆ ಇನ್ನೊಮ್ಮೆ ಬರೀತೀನಿ.

ಎಲ್ಲ ಓದಿ ಪಂಡಿತನಾಗಿದ್ದೆನಾ? ಆಗಸ್ಟಿನ ಒಂದು ಶನಿವಾರ ಮತ್ತೆ ಹೋದೆವು. ಮೈದಾನ ತಲುಪಿದ ಮೇಲೆ ಹಿಂದಿನ ಟಯರುಗಳ ಗಾಳಿಯನ್ನು 17ಕ್ಕೆ ಇಳಿಸಿದವನು ನಾನೇ, ಗೇಜ್ ಹಿಡಿದು ಮಂಡಿಯೂರಿ. ಸಂಜೆ ಪಕ್ಕದ ಕಾರಿನವರು ನಮ್ಮ ಪಂಪು ಕೇಳಿ ಒಯ್ದರು. ಅವರು ತಂದುಕೊಟ್ಟಾಗ ಕತ್ತಲಾಗಿತ್ತು, ಸೊಳ್ಳೆ ಬೇರೆ. ಪಂಪನ್ನು ಡಿಕ್ಕಿಗೆ ಹಾಕಿ ಹೊರಟೆವು. ಗಾಳಿ ತುಂಬುವುದು ಇಬ್ಬರಿಗೂ ಮರೆತುಹೋಯ್ತು.

ಮುಕ್ಕಾಲು ಗಂಟೆ ಹೆದ್ದಾರಿ. ಕೊನೆಗೆ ಹೊರಹೋಗುವ ಬಾಗಿದ ದಾರಿಗೆ ಇಳಿದಾಗ ಯಾರೋ ಹಿಂದಿನಿಂದ ಕಾರಿನ ಸೊಂಟ ಹಿಡಿದು ಪಕ್ಕಕ್ಕೆ ಎಳೆದ ಹಾಗಾಯ್ತು. ಒಂದು ಸಲ ಎಡಕ್ಕೆ, ಆಮೇಲೆ ಬಲಕ್ಕೆ. ರೂಮ್‌ಮೇಟು ಬ್ರೇಕ್ ಒತ್ತಲಿಲ್ಲ, ಪುಣ್ಯಾತ್ಮ. ಕಾಲು ತೆಗೆದು ಹಾಗೇ ಹಗುರಾಗಿ ಹಿಡಿದುಕೊಂಡ. ಬೇಲಿಗೆ ಒಂದು ಮಾರು ಇರುವಾಗ ಕಾರು ಸರಿಹೋಯ್ತು. ಪಕ್ಕಕ್ಕೆ ನಿಲ್ಲಿಸಿ ಇಳಿದೆವು. ಟಯರಿನ ಪಕ್ಕೆಗೆ ಕೈ ಇಟ್ಟವನು ತಕ್ಷಣ ತೆಗೆದೆ, ಅಷ್ಟು ಬಿಸಿ.

"ಲೇ... ಗಾಳಿ," ಅಂದ ಅವನು. ಅಷ್ಟೇ ಅಂದಿದ್ದು.

ನಾನು ಒಳಗೆ ಬಗ್ಗಿ ಟೇಪು ಕಿತ್ತೆ. ಲಾಳ ಉರೀತಾ ಇತ್ತು. ಬೆಳಗ್ಗೆ ಹೊರಟಾಗಿನಿಂದ ಉರೀತಾನೇ ಇತ್ತು. ಟೇಪು ಇರದಿದ್ದರೂ ಅದು ನಮಗೆ ಹೊಸದಾಗಿ ಏನನ್ನೂ ಹೇಳುತ್ತಿರಲಿಲ್ಲ.

ಟಯರು ಆರುವ ತನಕ ಅರ್ಧ ಗಂಟೆ ಕಾದು, ಗಾಳಿ ತುಂಬಿ ಮನೆಗೆ ಬಂದೆವು. ಊಟ ಮಾಡುವಾಗಲೂ ಮಾತಿಲ್ಲ. ನಮ್ಮೂರ ರಸ್ತೆ ಬದಿಯಲ್ಲಿ ಲಾರಿ ಕ್ಲೀನರು ಕಬ್ಬಿಣದ ರಾಡಿನಿಂದ ಟಯರುಗಳಿಗೆ ಒಂದೊಂದೇ ಬಡಿದು ಸದ್ದು ಕೇಳುತ್ತಿದ್ದುದು ಯಾಕೋ ನೆನಪಾಯ್ತು.

ಮುಂದಿನ ವಾರ ಅವನು ಎರಡು ಸೆನ್ಸರು ತರಿಸಿದ. ಅವನ ರಿಮ್ಮಿಗೆ ಟ್ಯೂಬಿಲ್ಲ, ಸ್ಕ್ರೂ ಇಲ್ಲ, ಹಾಗಾಗಿ ಕೂತವು. ಈಗ ಮೈದಾನದಲ್ಲಿ ಗಾಳಿ ಇಳಿಸಿದರೆ ದೀಪ ಹೊತ್ತುತ್ತೆ, ಹೊರಡುವ ಮುಂಚೆ ತುಂಬಿದರೆ ಆರುತ್ತೆ. ಸ್ಟಾರ್ಟ್ ಲೈನಿನಲ್ಲಿ ಹಳದಿ ದೀಪ ಕಣ್ಣಿಗೆ ಹೊಡೆದು ಅರ್ಧ ಸೆಕೆಂಡು ತಡವಾಗುತ್ತೆ ಅಂತ ಮೊನ್ನೆ ಫೋನಿನಲ್ಲಿ ಗೊಣಗುತ್ತಿದ್ದ. ನಾನು ವಾಪಸ್ ಬಂದ ಮೇಲೆ ಮೊದಲು ಮಾಡಿದ ಕೆಲಸ, ಆ ಹಳೇ ರಿವ್ಯೂ ತೆಗೆದು, ಈ ಎರಡು ಅರ್ಥಗಳಿಗೆ ಬೇರೆ ಬೇರೆ ಸಂದೇಶ ತೋರಿಸಬೇಕು ಅಂತ ಒಂದು ಬಗ್ ಹಾಕಿದ್ದು. ಇನ್ನೂ ಓಪನ್ ಇದೆ.