ಶಬ್ದದ ಮನೆಯಿಂದ ಹೊರಬಿದ್ದ ಸದ್ದು

ಮಗು ಮಲಗಿರುವ ಮನೆಗೆ ಯಾರಾದರೂ ಜೋರಾಗಿ ಮಾತಾಡುತ್ತ ಬಂದರೆ ಹಿರಿಯರು ತುಟಿಗೆ ಬೆರಳಿಟ್ಟು ‘ಸದ್ದು!’ ಎನ್ನುತ್ತಾರೆ. ತರಗತಿಯಲ್ಲಿ ಮೇಷ್ಟ್ರು ಮೇಜು ಕುಟ್ಟಿ ಹೇಳುವುದೂ ಅದನ್ನೇ. ಗಲಾಟೆಯ ಹೆಸರೇ ಗಲಾಟೆ ನಿಲ್ಲಿಸುವ ಆಜ್ಞೆಯೂ ಆಗಿದೆ. ಇಷ್ಟು ಗದರಿಸಿಕೊಂಡ ಪದ ಕನ್ನಡದಲ್ಲಿ ಇನ್ನೊಂದಿರಲಾರದು. ಆದರೆ ಅದರ ವಂಶ ಬಹಳ ದೊಡ್ಡದು.

ಸದ್ದು ‘ಶಬ್ದ’ದ ತದ್ಭವ. ಶಕಾರ ಸಕಾರವಾಗುವುದು ನಮ್ಮಲ್ಲಿ ಹಳೆಯ ರೂಢಿ, ಶಶಿ ಸಸಿಯಾದ ಹಾಗೆ. ಬಕಾರ ದಕಾರಗಳ ಗಂಟು ಪ್ರಾಕೃತದ ಬಾಯಲ್ಲಿ ಸವೆದು ‘ಸದ್ದ’ ಆಯಿತು, ಕನ್ನಡಕ್ಕೆ ಬಂದು ‘ಸದ್ದು’ ಆಯಿತು. ಕುಬ್ಜ ಗುಜ್ಜನಾದದ್ದೂ ಹೀಗೆಯೇ. ಮಗ ಹುಟ್ಟಿದ ಮೇಲೂ ತಾಯಿಪದ ಊರು ಬಿಡಲಿಲ್ಲ. ತತ್ಸಮ, ತದ್ಭವ ಎರಡೂ ಉಳಿದುಕೊಂಡಾಗ ಅರ್ಥದಲ್ಲಿ ಪಾಲಾಗುತ್ತದೆ, ಇಲ್ಲಿಯೂ ಆಯಿತು. ಶಬ್ದಕೋಶ, ಶಬ್ದಾಲಂಕಾರ, ಶಬ್ದಮಣಿದರ್ಪಣ ಇವೆಲ್ಲ ಹಿರಿಯ ಪದದ ಪಾಲಿಗೆ ಹೋದವು. ಪಾತ್ರೆ ಬಿದ್ದದ್ದು, ಬಾಗಿಲು ಕಿರುಗುಟ್ಟಿದ್ದು, ಪಟಾಕಿ ಸಿಡಿದದ್ದು ಸದ್ದಿನ ಪಾಲಿಗೆ ಬಂದವು. ಅರ್ಥವಿದ್ದರೆ ಶಬ್ದ, ಇಲ್ಲದಿದ್ದರೆ ಸದ್ದು.

ಈ ಪಾಲು ಮೊದಲಿನಿಂದ ಇದ್ದದ್ದಲ್ಲ. ಕ್ರಿಸ್ತಪೂರ್ವ 2ನೆಯ ಶತಮಾನದ ಪತಂಜಲಿ ತನ್ನ ಮಹಾಭಾಷ್ಯದ ಮೊದಲಲ್ಲೇ ಶಬ್ದವೆಂದರೆ ಯಾವುದು ಎಂದು ಕೇಳಿಕೊಳ್ಳುತ್ತಾನೆ. ಹಸು ಎಂದಾಗ ಗಂಗೆದೊಗಲು, ಬಾಲ, ಗೊರಸು, ಕೋಡುಗಳಿರುವ ಆ ಪ್ರಾಣಿಯೇ ಶಬ್ದವೋ? ಅಲ್ಲ. ಅದರ ಬಣ್ಣವೋ? ಅದೂ ಅಲ್ಲ. ಯಾವುದನ್ನು ಉಚ್ಚರಿಸಿದರೆ ಆ ಪ್ರಾಣಿ ಮನಸ್ಸಿಗೆ ಬರುತ್ತದೋ ಅದು ಶಬ್ದ. ಇಷ್ಟು ಹೇಳಿದ ಮೇಲೂ ಅವನಿಗೆ ಸಮಾಧಾನವಿಲ್ಲ. ಲೋಕದ ಜನ ಬರಿಯ ಧ್ವನಿಯನ್ನೂ ಶಬ್ದ ಎನ್ನುತ್ತಾರಲ್ಲ ಎಂದು ಒಬ್ಬ ಗಲಾಟೆಯ ಹುಡುಗನನ್ನು ಉದಾಹರಣೆಗೆ ತರುತ್ತಾನೆ. ಅಷ್ಟು ದೊಡ್ಡ ವ್ಯಾಕರಣ ಗ್ರಂಥದ ಹೊಸ್ತಿಲಲ್ಲಿ ಗದ್ದಲ ಮಾಡುವ ಹುಡುಗನಿಗೂ ಜಾಗವಿತ್ತು.

ನಮ್ಮ ಕೇಶಿರಾಜ ಇನ್ನೂ ಮುಂದೆ ಹೋಗುತ್ತಾನೆ. ಸುಮಾರು 1260ರ ಹೊತ್ತಿನ ಶಬ್ದಮಣಿದರ್ಪಣದ ಪ್ರಕಾರ ಜೀವದ ಇಚ್ಛೆಗೆ ಗಾಳಿ ಒದಗಿಬಂದಾಗ ಹೊಕ್ಕುಳ ಬುಡದಿಂದ ಕಹಳೆಯ ರೂಪದಲ್ಲಿ ಒಂದು ದ್ರವ್ಯ ಏಳುತ್ತದೆ. ಅದರ ಬಣ್ಣ ಬಿಳಿ. ಅದರ ಫಲವೇ ಶಬ್ದ. ಇದು ಜೈನರ ತಿಳಿವಳಿಕೆ. ವೈಶೇಷಿಕರು ಶಬ್ದವನ್ನು ಆಕಾಶದ ಗುಣವೆಂದರೆ, ಜೈನರು ಅದನ್ನು ಕಣಗಳಿಂದಾದ ವಸ್ತುವೆಂದರು. ಕೈಗೆ ತಾಗುವ, ಗೋಡೆಗೆ ಬಡಿಯುವ ವಸ್ತು. ಸ್ಟೇಷನ್ನು ಸಿಗದ ರೇಡಿಯೋದ ‘ಸ್‌ಸ್’ ಎಂಬ ಮೊರೆತವನ್ನು ಇಂದಿನ ಎಂಜಿನಿಯರುಗಳು ಬಿಳಿ ಸದ್ದು ಎನ್ನುತ್ತಾರೆ. ಬಿಳಿ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಇರುವಂತೆ ಅದರಲ್ಲಿ ಎಲ್ಲ ಕಂಪನಗಳೂ ಇರುತ್ತವೆ ಎಂಬ ಕಾರಣಕ್ಕೆ. ಕೇಶಿರಾಜನ ಬಿಳಿಗೂ ಇದಕ್ಕೂ ನಂಟಿಲ್ಲ. ಆದರೂ ಎರಡನ್ನೂ ಒಟ್ಟಿಗೆ ನೆನೆಯುವುದು ನನಗೆ ಬಲು ಇಷ್ಟ.

ನೆರೆಹೊರೆಯಲ್ಲಿ ಈ ಪದದ ಹಣೆಬರಹ ಬೇರೆ ಬೇರೆ. ತಮಿಳಿನ ‘ಸತ್ತಂ’ ನಮ್ಮ ಸದ್ದಿನಂತೆ ಗದ್ದಲವಾಗಿ ಉಳಿಯಿತು. ಮಲಯಾಳಂನಲ್ಲಿ ‘ಶಬ್ದಂ’ ಎಂದರೆ ಮನುಷ್ಯನ ದನಿಯೂ ಹೌದು. ಪಂಜಾಬಿನಲ್ಲಿ ಅದು ‘ಶಬದ್’ ಆಗಿ ಗುರುವಾಣಿಯ ಹಾಡಾಯಿತು. ಒಂದೇ ಪದ ಒಂದು ಊರಲ್ಲಿ ಬೈಸಿಕೊಳ್ಳುತ್ತದೆ, ಇನ್ನೊಂದು ಊರಲ್ಲಿ ಕೈಮುಗಿಸಿಕೊಳ್ಳುತ್ತದೆ. ಕನ್ನಡದ ಸರ್ಕಾರಿ ಭಾಷೆ ‘ಶಬ್ದಮಾಲಿನ್ಯ’ ಎಂಬ ಸಮಾಸ ಕಟ್ಟಿ ಮತ್ತೆ ಹಿರಿಯ ಪದಕ್ಕೇ ಗದ್ದಲದ ಅರ್ಥ ಹೊರಿಸಿತು.

ಸದ್ದನ್ನು ಸಂಗೀತದ ಪಂಕ್ತಿಯಲ್ಲಿ ಕೂರಿಸಿದ್ದು ರೇಡಿಯೋ. ಪಿಯೆರ್ ಶೆಫರ್ ಫ್ರೆಂಚ್ ರೇಡಿಯೋದ ಎಂಜಿನಿಯರ್. 1948ರಲ್ಲಿ ಪ್ಯಾರಿಸ್ಸಿನ ಬಾತಿನ್ಯೋಲ್ ನಿಲ್ದಾಣಕ್ಕೆ ಯಂತ್ರ ಒಯ್ದು ಉಗಿಬಂಡಿಗಳ ಸೀಟಿ, ಏದುಸಿರು, ಹಳಿಯ ಕಟಕಟ ಎಲ್ಲವನ್ನೂ ತಟ್ಟೆಗೆ ಇಳಿಸಿಕೊಂಡ. ಆಗಿನ್ನೂ ಅವನ ಕೈಗೆ ಟೇಪ್ ಬಂದಿರಲಿಲ್ಲ. ಗ್ರಾಮಫೋನ್ ತಟ್ಟೆಯ ಗೆರೆ ಸುರುಳಿಯಾಗಿ ಒಳಕ್ಕೆ ಸಾಗಬೇಕಷ್ಟೆ. ಶೆಫರ್ ಆ ಗೆರೆಯನ್ನು ತನ್ನೊಳಗೇ ಮುಚ್ಚಿ ಉಂಗುರ ಮಾಡಿದ. ಮುಳ್ಳು ಅಲ್ಲೇ ಸುತ್ತತೊಡಗಿತು, ಕ್ಷಣಮಾತ್ರದ ಒಂದು ಕಟಕಟ ಮತ್ತೆ ಮತ್ತೆ ಬಂದು ತಾಳವಾಯಿತು. ಇನ್ನೊಮ್ಮೆ ಗಂಟೆಯ ಬಡಿತವನ್ನು ಬಿಟ್ಟು ಅದರ ಬಾಲವನ್ನಷ್ಟೇ ಹಿಡಿದ. ಕೇಳಿದವರಿಗೆ ಅದು ಗಂಟೆಯೆಂದು ಗುರುತು ಸಿಗದು, ಯಾವುದೋ ಊದುವ ವಾದ್ಯದಂತೆ ಕೇಳುತ್ತದೆ. ಕಂಚಿನ ದನಿಯ ಗುರುತೆಲ್ಲ ಆ ಮೊದಲ ಪೆಟ್ಟಿನಲ್ಲೇ ಇತ್ತು ಎಂದು ಅವನಿಗೆ ತಿಳಿದದ್ದು ಹೀಗೆ. ಅದೇ ವರ್ಷ ಅಕ್ಟೋಬರ್ 5ರಂದು ಇವೆಲ್ಲ ರೇಡಿಯೋದಲ್ಲಿ ಬಿತ್ತರವಾದವು. ಕಾರ್ಯಕ್ರಮಕ್ಕೆ ಅವನಿಟ್ಟ ಹೆಸರನ್ನು ನಾವು ಸದ್ದುಗಳ ಕಛೇರಿ ಎಂದೇ ಅನುವಾದಿಸಬೇಕು.

ಮೂರು ವರ್ಷ ಕಳೆದು, 1951ರಲ್ಲಿ, ನ್ಯೂಯಾರ್ಕ್‌ನಲ್ಲಿ ಸಂಗೀತಕಾರ ಜಾನ್ ಕೇಜ್ 12 ರೇಡಿಯೋಗಳನ್ನೇ ವಾದ್ಯಗಳಾಗಿ ವೇದಿಕೆಗೆ ತಂದ. ನುಡಿಸುವವರು 24 ಮಂದಿ. ಪ್ರತಿ ಪೆಟ್ಟಿಗೆಗೆ ಸ್ಟೇಷನ್ ತಿರುಗಿಸಲು ಒಬ್ಬರು, ದನಿ ಏರಿಳಿಸಲು ಇನ್ನೊಬ್ಬರು.

ಇಂಥ ಕೇಳ್ಮೆಗೆ ನಿತ್ಯದ ನೆಲೆ ಸಿಕ್ಕಿದ್ದು ಸಣ್ಣ ನಿಲಯಗಳಲ್ಲಿ. ಜಾಹೀರಾತು ನಂಬಿದ ನಿಲಯಕ್ಕೆ ಕೇಳುಗ ಕ್ಷಣವೂ ಚಾನೆಲ್ ಬದಲಿಸಬಾರದೆಂಬ ಭಯವಿರುತ್ತದೆ, ಕೇಳುಗರ ದೇಣಿಗೆಯಿಂದ ನಡೆಯುವ ನಿಲಯಕ್ಕೆ ಆ ಭಯ ಕಡಿಮೆ. ಅಮೆರಿಕದ ನ್ಯೂಜೆರ್ಸಿಯ ಡಬ್ಲ್ಯುಎಫ್‌ಎಂಯು 1958ರಲ್ಲಿ ಒಂದು ಕಾಲೇಜಿನ ರೇಡಿಯೋ ಆಗಿ ಶುರುವಾಯಿತು. 1995ರಲ್ಲಿ ಆ ಕಾಲೇಜೇ ಮುಚ್ಚಿತು, ನಿಲಯ ಉಳಿಯಿತು. ಏನು ನುಡಿಸಬೇಕೆಂಬುದು ಅಲ್ಲಿ ಕಾರ್ಯಕ್ರಮ ನಡೆಸುವವರ ಇಷ್ಟ. ಲಂಡನ್ನಿನ ರೆಸೊನೆನ್ಸ್ ಎಫ್‌ಎಂ ಅನ್ನು ಕಟ್ಟಿದ್ದು ಸಂಗೀತಗಾರರದೇ ಒಂದು ಕೂಟ. 2002ರ ಮೇ 1ರಿಂದ ಅದು ಬೇರೆ ಯಾವ ನಿಲಯವೂ ಮುಟ್ಟದ ಸದ್ದುಗಳನ್ನು ನಗರಕ್ಕೆ ಕೇಳಿಸುತ್ತ ಬಂದಿದೆ.

ಸಣ್ಣ ನಿಲಯ ನಮಗೇನೂ ಹೊಸದಲ್ಲ. 1935ರಲ್ಲಿ ಮೈಸೂರಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ 30 ವ್ಯಾಟಿನ ಪ್ರೇಷಕ ಇಟ್ಟು ನಡೆಸಿದ ನಿಲಯದಿಂದಲೇ ‘ಆಕಾಶವಾಣಿ’ ಎಂಬ ಹೆಸರು ದೇಶಕ್ಕೆಲ್ಲ ಹಬ್ಬಿತು. ಆಮೇಲೆ ಆಕಾಶ ಪೂರ್ತಿ ಸರ್ಕಾರದ ವಶವಾಯಿತು. ತರಂಗಗಳು ಸಾರ್ವಜನಿಕರ ಸ್ವತ್ತು ಎಂದು 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೂ ಊರಿನವರ ಸಂಘ ಸಂಸ್ಥೆಗಳಿಗೆ ಪರವಾನಗಿಯ ಬಾಗಿಲು ತೆರೆಯಲು 2006 ಆಗಬೇಕಾಯಿತು. ಕೋಲಾರ ಜಿಲ್ಲೆಯ ಬೂದಿಕೋಟೆಯ ಜನ ಅಷ್ಟು ಕಾಯಲಿಲ್ಲ. ಗಾಳಿಯಲ್ಲಿ ಬಿತ್ತರಿಸಲು ಅನುಮತಿಯಿಲ್ಲದಿದ್ದಾಗ ತಮ್ಮ ನಿಲಯ ‘ನಮ್ಮ ಧ್ವನಿ’ಯನ್ನು ಟಿವಿ ಕೇಬಲ್ಲಿನ ತಂತಿಯಲ್ಲೇ ಮನೆಮನೆಗೆ ಹರಿಸಿದರು.

ಇಂದು ಸಮುದಾಯ ಬಾನುಲಿಗೆ 50 ವ್ಯಾಟಿನ ಪ್ರೇಷಕವಿದೆ, ನಾಲ್ಕಾರು ಮೈಲಿ ದೂರಕ್ಕೆ ಕೇಳಿಸುತ್ತದೆ. ಸ್ವಂತ ಸುದ್ದಿ ಬಿತ್ತರಿಸುವಂತಿಲ್ಲ, ಆಕಾಶವಾಣಿಯ ಸುದ್ದಿಯನ್ನು ಇದ್ದಂತೆಯೇ ಮರುಪ್ರಸಾರ ಮಾಡಬಹುದು. ಸುದ್ದಿಯೂ ‘ಶುದ್ಧಿ’ಯಿಂದ ಬಂದ ತದ್ಭವವೇ. ಸುದ್ದಿಗೆ ಕಡಿವಾಣವಿದ್ದರೂ ಸದ್ದಿಗೆ ಇಲ್ಲ. ಆದರೂ ನಮ್ಮ ನಿಲಯಗಳಲ್ಲಿ ನಾನು ಕೇಳುವುದು ಹೆಚ್ಚಾಗಿ ಮಾತು: ಆರೋಗ್ಯದ ಸಲಹೆ, ಕೃಷಿಯ ಮಾಹಿತಿ, ಸಂದರ್ಶನ, ನಡುವೆ ಒಂದು ಚಿತ್ರಗೀತೆ. ಮಂಗಳೂರಿನ ಸಾರಂಗ್ ನಿಲಯ ತುಳು, ಕೊಂಕಣಿ, ಬ್ಯಾರಿಗಳಿಗೆ ಜಾಗ ಕೊಟ್ಟದ್ದು ದೊಡ್ಡ ಕೆಲಸ. ಮಾತೆಲ್ಲ ಬೇಕಾದದ್ದೇ. ಆದರೆ ಅದು ಶಬ್ದದ ಪಾಲು. ಸದ್ದಿನ ಪಾಲನ್ನು ಇನ್ನೂ ಯಾರೂ ಕೇಳಿಲ್ಲ.

ಕೇಳಬೇಕು ಎನ್ನುವುದು ನನ್ನ ಹಟ. ದುರುಗಮುರುಗಿಯವರು ಬೀದಿಗೆ ಬಂದಾಗ ಉರುಮೆಯ ಚರ್ಮದ ಮೇಲೆ ಡೊಂಕು ಕೋಲನ್ನು ತೀಡುತ್ತಾರೆ. ಬಡಿತವಿಲ್ಲದೆ, ಬರಿಯ ಉಜ್ಜುವಿಕೆಯಿಂದ ಎದೆ ನಡುಗುವಂಥ ನರಳುವ ದನಿ ಏಳುತ್ತದೆ. ಸಭೆಯ ಸಂಗೀತ ಅದನ್ನು ಒಳಗೆ ಕರೆಯಲಿಲ್ಲ. ಅದೇ ಸಭೆಯಲ್ಲಿ ತಂಬೂರಿಯ ತಂತಿಯಡಿ ನೂಲಿನೆಳೆ ಸಿಕ್ಕಿಸಿ ಝೇಂಕಾರ ಬರಿಸುವುದೂ ತಂತಿಗೆ ಒಂದಿಷ್ಟು ಸದ್ದು ಬೆರೆಸಲಿಕ್ಕೇ ತಾನೆ? ಕೋಲಾರದ ಕಡೆ ರೇಷ್ಮೆ ಹುಳುಮನೆಯ ಬಾಗಿಲಲ್ಲಿ ನಿಂತರೆ, ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ಸಾವಿರಾರು ಹುಳುಗಳು ಹಿಪ್ಪುನೇರಳೆ ಸೊಪ್ಪು ತಿನ್ನುವ ಸದ್ದು ಹಂಚಿನ ಮೇಲೆ ಮಳೆ ಹಿಡಿದಂತೆ ಕೇಳುತ್ತದೆ. ಅದನ್ನು ಹಿಡಿಯಲು ಇಂದು ಶೆಫರನ ಯಂತ್ರ ಬೇಡ, ಒಂದು ಮೊಬೈಲ್ ಸಾಕು. ಸಾಕಿದವರಿಗೆ ಆ ಸದ್ದಿನಿಂದಲೇ ಹುಳುವಿನ ಹಸಿವು ತಿಳಿಯುತ್ತದೆ, ಸೊಪ್ಪು ಯಾವಾಗ ಹಾಕಬೇಕೆಂಬುದೂ ತಿಳಿಯುತ್ತದೆ. ಅರ್ಥವಿರುವುದು ಶಬ್ದಕ್ಕೆ ಮಾತ್ರ ಎಂಬ ಹಳೆಯ ಪಾಲುಪತ್ರ ಅವರ ಹತ್ತಿರ ನಡೆಯುವುದಿಲ್ಲ.

ಸಮುದಾಯ ಬಾನುಲಿಯ ನಿಯಮದ ಪ್ರಕಾರ ಕಾರ್ಯಕ್ರಮಗಳ ಅರ್ಧದಷ್ಟಾದರೂ ಆ ಊರಿನವರ ಪಾಲುಗೊಳ್ಳುವಿಕೆಯಿಂದ ತಯಾರಾಗಬೇಕು. ಆ ಅರ್ಧದಲ್ಲಿ ವಾರಕ್ಕೊಂದು ಅರ್ಧ ಗಂಟೆ ಉರುಮೆಗೆ, ಹುಳುಮನೆಗೆ, ಸಂತೆಯ ಕೂಗಿಗೆ, ಆಯಾ ಊರಿನ ಹುಡುಗರು ಅವನ್ನು ಕತ್ತರಿಸಿ ಜೋಡಿಸಿ ಕಟ್ಟುವ ಹೊಸ ಕಛೇರಿಗೆ ಧಾರಾಳವಾಗಿ ಹಿಡಿಸುತ್ತದೆ.