ಮೊರಸಾನ್, ಫ್ರಾನ್ಸಿಸ್ಕೊ

1792-1842. ಮಧ್ಯ ಅಮೆರಿಕದ ಸೇನಾನಿ, ಉದಾರವಾದಿ ರಾಜಕಾರಣಿ. ಹುಟ್ಟಿದ್ದು ಹೊಂಡುರಾಸಿನ ತೆಗುಸಿಗಾಲ್ಪದಲ್ಲಿ. 1827ರ ಲಾ ಟ್ರಿನಿದಾದ್ ಕದನದಿಂದ ಹೆಸರಾದ. 1829ರಲ್ಲಿ ಗ್ವಾಟೆಮಾಲಾ ನಗರವನ್ನು ಗೆದ್ದು, ಆರ್ಚ್‌ಬಿಷಪ್‌ನನ್ನು ಗಡೀಪಾರು ಮಾಡಿದ. ಮರುವರ್ಷ ಐದು ರಾಜ್ಯಗಳ ಮಧ್ಯ ಅಮೆರಿಕ ಒಕ್ಕೂಟದ ಅಧ್ಯಕ್ಷನಾದ. ಧಾರ್ಮಿಕ ಹಾಗೂ ಪತ್ರಿಕಾ ಸ್ವಾತಂತ್ರ್ಯ, ಚರ್ಚಿನ ಹಿಡಿತದಿಂದ ಬಿಡಿಸಿದ ಶಿಕ್ಷಣ ಇವನ ಆಡಳಿತದ ಗುರಿಗಳು. ಇವು ಕಾಲಕ್ಕಿಂತ ಮುಂದಿದ್ದವು; ಹಳ್ಳಿಗಾಡಿನ ಜನಮನವನ್ನು ಮಾತ್ರ ಮುಟ್ಟಲಿಲ್ಲ. 1837ರಲ್ಲಿ ಕಾಲರಾ ಹಬ್ಬಿದಾಗ ಸರ್ಕಾರವೇ ನೀರಿಗೆ ವಿಷ ಬೆರೆಸಿತೆಂಬ ಪುಕಾರು ಎದ್ದಿತು. ಗ್ವಾಟೆಮಾಲಾದಲ್ಲಿ ರಫಾಯೆಲ್ ಕರೇರನ ಬಂಡಾಯಕ್ಕೆ ಅದರಿಂದ ಬಲ ಬಂತು. ಒಕ್ಕೂಟ ಒಡೆಯಿತು. 1840ರಲ್ಲಿ ಕರೇರನಿಗೆ ಸೋತ ಮೊರಸಾನ್ ದೇಶ ಬಿಟ್ಟ. 1842ರಲ್ಲಿ ಮರಳಿ ಕೋಸ್ಟರಿಕದ ಅಧಿಕಾರ ಹಿಡಿದು ಒಕ್ಕೂಟವನ್ನು ಮತ್ತೆ ಕಟ್ಟಹೊರಟಾಗ ಅಲ್ಲಿನವರೇ ದಂಗೆಯೆದ್ದರು. ಸೆಪ್ಟೆಂಬರ್ 15ರಂದು, ಮಧ್ಯ ಅಮೆರಿಕದ ಸ್ವಾತಂತ್ರ್ಯ ದಿನದಂದೇ, ಸಾನ್ ಹೊಸೆಯಲ್ಲಿ ಅವನನ್ನು ಗುಂಡಿಟ್ಟು ಕೊಲ್ಲಲಾಯಿತು.